ಓಕ್‌ಲ್ಯಾಂಡಿನ ಜಗಲಿ

2025ರ ಜೂನ್ 12ರ ಸಂಜೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಕೊಲಿಸಿಯಂ ಸ್ಟೇಡಿಯಂನಲ್ಲಿ ಕ್ರಿಕೆಟ್ ನಡೆಯಿತು. ಬೇಸ್‌ಬಾಲ್ ಮೈದಾನದ ನಡುವೆ ಪಿಚ್ ತಂದು ಕೂರಿಸಿದ್ದರು. ನನ್ನ ಪಕ್ಕದಲ್ಲಿ ಆರ್‌ಸಿಬಿ ಟೀಶರ್ಟ್ ಹಾಕಿದ್ದ ಹುಡುಗನೊಬ್ಬ ಕೂತಿದ್ದ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು, "ಆಂಟಿ, ಮುಂಚೆ ಇಲ್ಲಿಗೆ ಬಂದಿದ್ರಾ?" ಅಂದ. ಆಂಟಿ ಅಂದದ್ದು ಸ್ವಲ್ಪ ಚುಚ್ಚಿತು. ಐವತ್ತಾಯಿತಲ್ಲ, ನುಂಗಿಕೊಂಡೆ.

ಬಂದಿದ್ದೆ. 2011ರಿಂದ 2024ರವರೆಗೆ, ಕೋವಿಡ್ಡಿನ 2020 ಒಂದು ಬಿಟ್ಟರೆ, ವರ್ಷಕ್ಕೆ ಕಡಿಮೆ ಅಂದರೂ ಹತ್ತು ಹನ್ನೆರಡು ಸಲ. "ಅಗೋ, ಆ ಬಲಗಡೆ ಬೆಂಚುಗಳು ಕಾಣ್ತವಲ್ಲ, ಅಲ್ಲಿ ಕೂತ್ಕೋತಿದ್ದೆ" ಎಂದು ತೋರಿಸಿದೆ.

"ಅಷ್ಟು ದೂರದಿಂದ ಏನ್ ಕಾಣುತ್ತೆ ಆಂಟಿ?"

"ನೋಡೋಕಲ್ಲಪ್ಪ, ಮಾತಾಡೋಕೆ ಹೋಗ್ತಿದ್ದೆ."

ಅವನು ನಕ್ಕು ಮೈದಾನದ ಕಡೆ ತಿರುಗಿಕೊಂಡ. ತಮಾಷೆ ಅಂದುಕೊಂಡಿರಬೇಕು.

ನಮ್ಮ ಊರು ತಿಪಟೂರು. ಅಪ್ಪನಿಗೆ ಕೊಬ್ಬರಿ ಮಂಡಿ. ಮಂಡಿ ಮುಂದೆ ಒಂದು ಜಗಲಿ, ಜಗಲಿ ಮೇಲೆ ಸಂಜೆ ಐದಾರು ಜನ, ನಡುವೆ ಒಂದು ರೇಡಿಯೋ. ಹಿಂದೆಯೇ ನಮ್ಮ ಮನೆ. 1983 ನನಗೆ ಚೆನ್ನಾಗಿ ನೆನಪಿದೆ. ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಜೂನ್‌ನಲ್ಲಿ ಇಂಡಿಯಾ ವರ್ಲ್ಡ್ ಕಪ್ ಗೆದ್ದಿತು, ಎಲ್ಲರಿಗಿಂತ ಜಾಸ್ತಿ ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ, ಹದಿನೆಂಟು. ಆ ವರ್ಷವೆಲ್ಲಾ ಜಗಲಿಯಲ್ಲಿ ಹೆಗಡೆ ಎಲ್ಲಿ ಮುಗಿದು ಬಿನ್ನಿ ಎಲ್ಲಿ ಶುರುವಾಗುತ್ತಾರೆ ಅಂತ ಗೊತ್ತಾಗುತ್ತಿರಲಿಲ್ಲ. ಕಾಂಗ್ರೆಸ್ಸಿನ ಒಬ್ಬರು, ಜನತಾ ಪಕ್ಷದ ಇಬ್ಬರು, ಯಾವ ಪಕ್ಷಕ್ಕೂ ಸೇರದೆ ಎಲ್ಲರನ್ನೂ ಬೈಯುವ ಒಬ್ಬರು ಮೇಷ್ಟ್ರು. ನಾನು ಒಳಗಿನಿಂದ ಕಾಫಿ ತರುತ್ತಿದ್ದೆ. ಲೋಟ ಕೊಟ್ಟು ಹೊಸ್ತಿಲ ಹತ್ತಿರ ನಿಂತು ಕೇಳುತ್ತಿದ್ದೆ. ಎಷ್ಟು ಕೇಳಿದರೂ ಆ ಜಗಲಿಯಲ್ಲಿ ಒಂದು ದಿನವೂ ಕೂತಿಲ್ಲ. ಅಮ್ಮನೂ ಕೂತಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೆಣ್ಣುಮಕ್ಕಳು ಕೂರುವ ಜಾಗ ಅದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು ಅಷ್ಟೆ.

ಹಾಗಾಗಿ ನಾನು ಮೊದಲ ಸಲ ಜಗಲಿ ಮೇಲೆ ಕೂತದ್ದು ಓಕ್‌ಲ್ಯಾಂಡಿನಲ್ಲಿ.

ಆಗ ಫ್ರೀಮಾಂಟ್‌ಗೆ ಬಂದು ಹೊಸದು. ಗಂಡ ಆಫೀಸು, ಮಗ ಸ್ಕೂಲು. ಅಕ್ಕಪಕ್ಕದ ಕನ್ನಡದವರು ಶನಿವಾರ ಸಿಕ್ಕರೆ ಮನೆ ಬೆಲೆ, ವೀಸಾ, ಮತ್ತೆ ಮನೆ ಬೆಲೆ. ಓಕ್‌ಲ್ಯಾಂಡಿನ ಬೇಸ್‌ಬಾಲ್ ಟೀಮು ಅಥ್ಲೆಟಿಕ್ಸ್‌ನ ಬುಧವಾರ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಅಗ್ಗ ಎಂದು ಯಾರೋ ಹೇಳಿದ್ದು ಕೇಳಿ ಬಾರ್ಟ್ ರೈಲು ಹತ್ತಿ ಹೋದೆ. ಸ್ಟೇಷನ್ನಿನಿಂದ ಮೈದಾನಕ್ಕೆ ಕಾಲ್ಸೇತುವೆ. ಅದರ ಮೇಲೆ ನೀರು, ಟೋಪಿ, ಕಡಲೆಕಾಯಿ ಮಾರುವವರ ಸಾಲು. ಒಳಗಿಗಿಂತ ಹೊರಗೆ ಅರ್ಧ ರೇಟು. ಕಡಲೆಕಾಯಿ ಪೊಟ್ಟಣ ಹಿಡಿದು ಸುಮ್ನೆ ಜನ ಕಡಿಮೆ ಇದ್ದ ಬೆಂಚಿನಲ್ಲಿ ಕೂತೆ. ಹಿಂದೆ ಒಂದಷ್ಟು ಹುಡುಗರು ಡ್ರಮ್ ಬಾರಿಸುತ್ತಿದ್ದರು. ಪಕ್ಕದ ಅಜ್ಜ ನನ್ನ ಕಾಲ ಬಳಿ ನೋಡಿ, "ಸಿಪ್ಪೆ ಯಾಕಮ್ಮ ಪೊಟ್ಟಣಕ್ಕೇ ವಾಪಸ್ ಹಾಕ್ತೀಯ? ನೆಲಕ್ಕೆ ಹಾಕು. ಅದಕ್ಕೇ ಇರೋದು ನೆಲ" ಅಂದರು. ಬಸವನಗುಡಿ ಪರಿಷೆ ನೆನಪಾಯಿತು. ಆಮೇಲೆ ಆ ಸಾಲು ಬಿಟ್ಟು ಬೇರೆ ಕಡೆ ಕೂರಲಿಲ್ಲ.

ಅಜ್ಜ ಓಕ್‌ಲ್ಯಾಂಡ್ ಬಂದರಿನಲ್ಲಿ ಕ್ರೇನ್ ಓಡಿಸಿ ರಿಟೈರ್ ಆದವರು, ಯೂನಿಯನ್ ಮನುಷ್ಯ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಡಗು ಕಟ್ಟುವ ಕೆಲಸ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕಪ್ಪು ಕುಟುಂಬಗಳು ಈ ಕಡೆ ಬಂದವು. ಅವರ ಅಪ್ಪ ಅಮ್ಮನೂ ಹಾಗೇ ಬಂದವರು. ಅವರ ಆ ಕಡೆ ಕೂರುತ್ತಿದ್ದವರನ್ನು ನಾವೆಲ್ಲ ಸಾರ್ಜೆಂಟ್ ಅನ್ನುತ್ತಿದ್ದೆವು. ಬಿಳಿಯರು, ವಿಯೆಟ್ನಾಂಗೆ ಹೋಗಿಬಂದವರು, ಬೆಟ್ಟದಾಚೆಯ ಟ್ರೇಸಿಯಿಂದ ಕಾರಿನಲ್ಲಿ ಬರುತ್ತಿದ್ದರು, ಓಟು ಯಾವಾಗಲೂ ರಿಪಬ್ಲಿಕನ್ನರಿಗೆ. ಮುಂದಿನ ಸಾಲಿನಲ್ಲಿ ಸ್ಕೂಲ್ ಬಸ್ ಓಡಿಸುವ ಒಬ್ಬಾಕೆ. ಲಾಸ್ ಏಂಜಲೀಸಿನ ಮೆಕ್ಸಿಕನ್ ಮನೆತನ, ಆದರೆ ಅಲ್ಲಿನ ಬೇಸ್‌ಬಾಲ್ ಟೀಮು ಡಾಡ್ಜರ್ಸ್ ಹೆಸರೆತ್ತಿದರೆ ಸಿಡುಕು. ಯಾಕೆ ಅಂತ ಒಂದು ದಿನ ಕೇಳಿದೆ. ಡಾಡ್ಜರ್ಸ್ ಮೈದಾನ ಇರುವ ಚಾವೆಜ್ ರವೀನ್‌ನಲ್ಲಿ ಮೊದಲು ಮೆಕ್ಸಿಕನ್ನರ ಮನೆಗಳಿದ್ದವು. ಬಡವರಿಗೆ ಮನೆ ಕಟ್ಟಿಸುತ್ತೇವೆಂದು ಸರ್ಕಾರ ಅವರನ್ನು ಎಬ್ಬಿಸಿತು. ಮನೆ ಕಟ್ಟಲಿಲ್ಲ, ಜಾಗ ಟೀಮಿಗೆ ಹೋಯಿತು. ಕೊನೆಯವರನ್ನು 1959ರಲ್ಲಿ ಪೊಲೀಸರು ಹೊತ್ತು ಹೊರಗೆ ಹಾಕಿದರು. 1962ರಲ್ಲಿ ಅಲ್ಲಿ ಸ್ಟೇಡಿಯಂ ಶುರುವಾಯಿತು. "ನಮ್ಮ ಅತ್ತೆ ಮನೆ ಇದ್ದದ್ದು ಎಲ್ಲಿ ಅಂದ್ರೆ, ಬಹುಶಃ ಥರ್ಡ್ ಬೇಸ್ ಹತ್ತಿರ" ಅಂದಳು.

ಬೇಸ್‌ಬಾಲ್ ಹರಟೆಗೆಂದೇ ಮಾಡಿದ ಆಟ ಅಂತ ನನ್ನ ಅನಿಸಿಕೆ. ಒಂಬತ್ತು ಇನಿಂಗ್ಸ್, ಒಂದೊಂದು ಕಡೆಗೂ ಮೂರು ಮೂರು ಔಟು. ಪಿಚರ್ ಒಂದು ಚೆಂಡು ಎಸೆಯುತ್ತಾನೆ. ಆಮೇಲೆ ಟೋಪಿ ಸರಿಮಾಡಿಕೊಳ್ಳುತ್ತಾನೆ, ನೆಲ ಕೆರೆಯುತ್ತಾನೆ, ಕ್ಯಾಚರ್ ಬೆರಳಿನ ಸನ್ನೆಗೆ ತಲೆ ಅಲ್ಲಾಡಿಸುತ್ತಾನೆ. ಅಷ್ಟರಲ್ಲಿ ಸಾರ್ಜೆಂಟ್ ಒಂದು ಮಾತು ಹೇಳಿ, ಅಜ್ಜ ಅದನ್ನು ಕತ್ತರಿಸಿ, ಬಸ್ಸಿನಾಕೆ ಇಬ್ಬರಿಗೂ ಬೈದು ಆಗಿರುತ್ತಿತ್ತು. ಚೆಂಡು ಬಂದಾಗ ಮೂವರೂ ಗಪ್‌ಚುಪ್. ಜಗಳ ಕೈಮೀರದ ಹಾಗೆ ಅರ್ಧ ನಿಮಿಷಕ್ಕೊಮ್ಮೆ ತಡೆ ಬೀಳುವ ಇಂಥ ಏರ್ಪಾಡು ಟಿವಿ ಚರ್ಚೆಯವರಿಗೂ ಇದ್ದಿದ್ದರೆ ಚೆನ್ನಾಗಿತ್ತು.

ಸಾರ್ಜೆಂಟ್ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು: ಆಟದೊಳಗೆ ರಾಜಕೀಯ ತರಬಾರದು. ಅಜ್ಜ ಅದಕ್ಕೆ ಕಾದು ಕೂತಿರುತ್ತಿದ್ದರು. 1910ರಲ್ಲಿ ಟಾಫ್ಟ್ ಅನ್ನುವ ಅಧ್ಯಕ್ಷರು ವಾಷಿಂಗ್ಟನ್‌ನಲ್ಲಿ ಸೀಸನ್ನಿನ ಮೊದಲ ಚೆಂಡು ಎಸೆದದ್ದು, ಅಲ್ಲಿಂದ ಅದೇ ಪದ್ಧತಿಯಾದದ್ದು, ಎಲ್ಲ ಬಿಚ್ಚಿಡುತ್ತಿದ್ದರು. ಒಂದು ದಿನ ಸಾರ್ಜೆಂಟ್ 2001ರ ಅಕ್ಟೋಬರ್ 30ರ ಕಥೆ ಹೇಳಿದರು. ಅವಳಿ ಗೋಪುರ ಬಿದ್ದು ಏಳು ವಾರ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬೇಸ್‌ಬಾಲಿನ ಫೈನಲ್ ಸರಣಿ, ವರ್ಲ್ಡ್ ಸೀರೀಸ್. ಗುಂಡು ತಡೆಯುವ ಜಾಕೆಟ್ ಮೇಲೆ ಜರ್ಕಿನ್ ಹಾಕಿಕೊಂಡು ಅಧ್ಯಕ್ಷ ಬುಷ್ ಒಬ್ಬರೇ ನಡೆದು ಬಂದರು. ಹತ್ತಿರದಿಂದ ಎಸೆದರೆ ಜನ ಕೂಗಿ ಅವಮಾನ ಮಾಡ್ತಾರೆ, ಪಿಚರ್ ನಿಲ್ಲೋ ದಿಬ್ಬದ ಮೇಲಿಂದಲೇ ಎಸೀರಿ ಅಂತ ಯಾಂಕೀಸ್ ಆಟಗಾರ ಡೆರೆಕ್ ಜೀಟರ್ ಮೊದಲೇ ಎಚ್ಚರಿಸಿದ್ದ. ಅದೇ ತಿಂಗಳು ಇದೇ ಓಕ್‌ಲ್ಯಾಂಡಿನಲ್ಲಿ ನಮ್ಮ ರನ್ ಒಂದನ್ನು ತಡೆದು ಹೊಟ್ಟೆ ಉರಿಸಿ ಹೋಗಿದ್ದನಲ್ಲ, ಅದೇ ಜೀಟರ್. ಬುಷ್ ದಿಬ್ಬದಿಂದಲೇ ಎಸೆದರು. ಹೇಳುತ್ತಾ ಸಾರ್ಜೆಂಟ್ ಕಣ್ಣು ತೇವವಾಯಿತು.

ಅಜ್ಜ ಸಿಪ್ಪೆ ಉದುರಿಸುತ್ತಾ ಕೇಳಿದರು, "ಅದು ರಾಜಕೀಯ ಅಲ್ವೇನಯ್ಯಾ?"

"ಅದು ಸ್ಟ್ರೈಕು."

ಇಡೀ ಸಾಲು ನಕ್ಕಿತು, ಅಜ್ಜನೂ. ಬ್ಯಾಟರ್ ಹೊಡೆಯಬಹುದಾದ ಜಾಗಕ್ಕೆ ಸರಿಯಾಗಿ ಬಂದ ಎಸೆತಕ್ಕೆ ಸ್ಟ್ರೈಕ್ ಅನ್ನುತ್ತಾರೆ. ನಿಜಕ್ಕೂ ಒಳ್ಳೆಯ ಎಸೆತ ಅದು. ವಿಡಿಯೋ ನೋಡಿದ್ದೇನೆ, ಚೆಂಡು ನೇರ ನಡುಮಧ್ಯಕ್ಕೆ.

ಏಪ್ರಿಲ್ 15 ಬಂದರೆ ಎಲ್ಲ ಟೀಮಿನ ಎಲ್ಲ ಆಟಗಾರರೂ 42ನೇ ನಂಬರಿನ ಅಂಗಿ ಹಾಕುತ್ತಾರೆ. 1947ರ ಆ ದಿನ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್, ಆಗಿನ್ನೂ ನ್ಯೂಯಾರ್ಕಿನಲ್ಲಿದ್ದ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಲು ಇಳಿದ. ಬಿಳಿಯರಿಗೆ ಮಾತ್ರ ಎಂದಿದ್ದ ದೊಡ್ಡ ಲೀಗಿನ ಬಾಗಿಲು ತೆರೆಯಿತು. ಈಗ ಜಾಕಿಯನ್ನು ಹೊಗಳದವರಿಲ್ಲ. ಆದರೆ ಆ ಬೆಂಚಿನಲ್ಲಿ ಅವನನ್ನು ನನ್ನವನು ನನ್ನವನು ಎಂದು ಎಳೆದಾಡುತ್ತಿದ್ದರು. 1960ರಲ್ಲಿ ಜಾಕಿ ಬೆಂಬಲ ಕೊಟ್ಟದ್ದು ರಿಪಬ್ಲಿಕನ್ ನಿಕ್ಸನ್‌ಗೆ, ಕೆನಡಿಗಲ್ಲ. ಸಾರ್ಜೆಂಟ್ ಇದನ್ನು ತುರುಪಿನ ಎಲೆಯ ಹಾಗೆ ಎಸೆಯುತ್ತಿದ್ದರು. ಅಜ್ಜನ ಬಳಿ ಇನ್ನೂ ದೊಡ್ಡ ಎಲೆ. 1964ರಲ್ಲಿ ಇಲ್ಲೇ ಕೊಲ್ಲಿಯಾಚೆ ಕೌ ಪ್ಯಾಲೇಸ್‌ನಲ್ಲಿ ರಿಪಬ್ಲಿಕನ್ ಸಮಾವೇಶ ನಡೆದು, ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಓಟು ಹಾಕಿದ್ದ ಗೋಲ್ಡ್‌ವಾಟರ್ ಪಕ್ಷದ ಅಭ್ಯರ್ಥಿಯಾಗಿ ಗೆದ್ದಾಗ ಜಾಕಿ ರೋಸಿಹೋದ. ನಾಲ್ಕು ವರ್ಷದ ನಂತರ ಆ ಕಡೆಯ, ಡೆಮಾಕ್ರಾಟರ ಹಂಫ್ರಿಯನ್ನು ಬೆಂಬಲಿಸಿದ. 1972ರಲ್ಲಿ ಬಂದ ಆತ್ಮಕಥೆಯಲ್ಲಿ, ಎದ್ದು ನಿಂತು ರಾಷ್ಟ್ರಗೀತೆ ಹಾಡಲು ನನ್ನಿಂದ ಆಗದು, ಬಾವುಟಕ್ಕೆ ವಂದಿಸಲೂ ಆಗದು ಎಂದು ಬರೆದ. ಅದೇ ವರ್ಷ ತೀರಿಕೊಂಡ.

ಈ ಕೊನೆಯ ಸಂಗತಿ ನಮ್ಮ ಸಾಲಿನಲ್ಲಿ ಬೆಂಕಿ ಹಚ್ಚಿದ್ದು 2017ರಲ್ಲಿ. ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಫುಟ್‌ಬಾಲ್ ಟೀಮಿನ ಕಾಲಿನ್ ಕೇಪರ್ನಿಕ್, ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯ ಖಂಡಿಸಿ, ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದ್ದ. ಬೇಸ್‌ಬಾಲ್‌ನಲ್ಲಿ ಯಾರೂ ಮಾಡಿರಲಿಲ್ಲ. ಸೆಪ್ಟೆಂಬರ್ 23ರಂದು ಮೊದಲು ಮಾಡಿದವನು ನಮ್ಮ ಟೀಮಿನವನೇ, ಕ್ಯಾಚರ್ ಬ್ರೂಸ್ ಮ್ಯಾಕ್ಸ್‌ವೆಲ್. ಮಂಡಿಯೂರಿ, ಬಾವುಟದ ಕಡೆ ಮುಖ ಮಾಡಿ, ಎದೆ ಮೇಲೆ ಕೈ ಇಟ್ಟುಕೊಂಡಿದ್ದ. ಪಕ್ಕದಲ್ಲಿ ನಿಂತಿದ್ದ ಮಾರ್ಕ್ ಕಾನಾ ಅವನ ಹೆಗಲ ಮೇಲೆ ಕೈ ಇಟ್ಟ.

ಸಾರ್ಜೆಂಟ್ ಎದ್ದು ಹೊರಟೇಬಿಟ್ಟರು. ಮುಂದಿನ ಆಟಕ್ಕೂ ಬರಲಿಲ್ಲ. ಅಜ್ಜನಿಗೆ ಮನಸ್ಸಿಗೆ ಹತ್ತಿತು, ತೋರಿಸಿಕೊಳ್ಳಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಸಾರ್ಜೆಂಟ್ ಮತ್ತೆ ಬಂದರು. ಬಂದವರೇ ಯಾರನ್ನೂ ನೋಡದೆ, "ಆ ಹುಡುಗನ ಅಪ್ಪ ಮಿಲಿಟರಿಯಲ್ಲಿ ಇದ್ನಂತೆ. ಹುಟ್ಟಿದ್ದೇ ಜರ್ಮನಿಯಲ್ಲಂತೆ, ಅಪ್ಪನ ಪೋಸ್ಟಿಂಗ್ ಅಲ್ಲಿತ್ತು" ಅಂದರು. ಒಪ್ಪಿದ್ದೇನೆ ಅನ್ನಲಿಲ್ಲ. ಅಜ್ಜ ಕಡಲೆಕಾಯಿ ಪೊಟ್ಟಣ ಮುಂದೆ ಮಾಡಿದರು. ಅಷ್ಟೆ. ಅಜ್ಜ ಮಾತ್ರ ನಾನು ಕಂಡಷ್ಟು ವರ್ಷವೂ ರಾಷ್ಟ್ರಗೀತೆ ಶುರುವಾಗುವ ಹೊತ್ತಿಗೆ ಸರಿಯಾಗಿ ಟಾಯ್ಲೆಟ್ಟಿಗೆ ಹೋಗುತ್ತಿದ್ದರು. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

ಅಜ್ಜನ ದೇವರು ಜಾಕಿ ಅಲ್ಲ, ಕರ್ಟ್ ಫ್ಲಡ್. ಓಕ್‌ಲ್ಯಾಂಡಿನಲ್ಲೇ ಬೆಳೆದವನು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಹನ್ನೆರಡು ವರ್ಷ ಆಡಿದ್ದ. 1969ರ ಅಕ್ಟೋಬರ್‌ನಲ್ಲಿ ಅವನನ್ನು ಕೇಳದೆ ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ಆಗಿನ ಒಪ್ಪಂದ ಹಾಗಿತ್ತು: ಟೀಮ್ ಬಿಡುವವರೆಗೂ ಆಟಗಾರ ಟೀಮಿನ ಆಸ್ತಿ. ಮಾರಿದ ಕಡೆ ಹೋಗಬೇಕು, ಇಲ್ಲ ಆಟ ಬಿಡಬೇಕು. ಡಿಸೆಂಬರ್ 24ರಂದು ಫ್ಲಡ್ ಬೇಸ್‌ಬಾಲ್ ಲೀಗಿನ ಮುಖ್ಯಸ್ಥ ಕಮಿಷನರಿಗೆ ಕಾಗದ ಬರೆದ. ನನ್ನ ಇಷ್ಟ ಕೇಳದೆ ಮಾರುವ ಕೊಳ್ಳುವ ವಸ್ತು ನಾನಲ್ಲ ಅಂತ. ಆಗ ಅವನಿಗೆ ವರ್ಷಕ್ಕೆ 90,000 ಡಾಲರ್ ಸಂಬಳ. ಅಷ್ಟು ದುಡ್ಡು ತಗೊಳ್ಳೋನಿಗೆ ಏನು ಗುಲಾಮಗಿರಿ ಎಂದು ಪತ್ರಿಕೆಗಳು ಆಡಿಕೊಂಡವು. ಕೋರ್ಟಿಗೆ ಹೋದ. ಆಗ ಆಡುತ್ತಿದ್ದ ಒಬ್ಬ ಆಟಗಾರನೂ ಕೋರ್ಟಿಗೆ ಬಂದು ಅವನ ಪಕ್ಕ ಕೂರಲಿಲ್ಲ. ಅವನ ಪರ ಸಾಕ್ಷಿ ಹೇಳಲು ಬಂದವರಲ್ಲಿ ಒಬ್ಬ, ಕೂದಲು ನರೆತ, ಸಕ್ಕರೆ ಕಾಯಿಲೆಯಲ್ಲಿ ಬಳಲುತ್ತಿದ್ದ ಜಾಕಿ ರಾಬಿನ್‌ಸನ್. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಫ್ಲಡ್ 5-3ರಲ್ಲಿ ಸೋತ. ಮೂರು ವರ್ಷದ ನಂತರ ಬೇರೆ ಇಬ್ಬರು ಪಿಚರ್‌ಗಳ ಪ್ರಕರಣದಲ್ಲಿ ಆ ಕಟ್ಟು ಬಿಚ್ಚಿತು. ಇವತ್ತು ಆಟಗಾರರು ಎಣಿಸುವ ಕೋಟಿಗಳೆಲ್ಲ ಅಲ್ಲಿಂದ ಬಂದದ್ದು. ಫ್ಲಡ್‌ಗೆ ಅದರಲ್ಲಿ ಬಿಡಿಗಾಸೂ ಸಿಗಲಿಲ್ಲ.

ಇದಕ್ಕೆ ಸಾರ್ಜೆಂಟ್ ಉತ್ತರ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. "ನಿನ್ನ ಫ್ಲಡ್ ಆಟಗಾರರನ್ನ ಬಿಡಿಸಿದ, ಸರಿ. ಬಿಡಿಸಿಕೊಂಡವರೆಲ್ಲ ಎಲ್ಲಿಗೆ ಹೋದ್ರು? ನ್ಯೂಯಾರ್ಕಿಗೆ. ನಾವು ಸಾಕಿದ ಜಿಯಾಂಬಿ ಎಲ್ಲಿಗೆ ಹೋದ? ನ್ಯೂಯಾರ್ಕಿಗೆ. ಓಕ್‌ಲ್ಯಾಂಡಿನಂಥ ಊರು ಸಾಕೋದು, ದೊಡ್ಡವರು ಕೊಳ್ಳೋದು." ಅಜ್ಜ ಆಗ ಜಿಮ್ ಬನ್ನಿಂಗ್‌ನ ಎಳೆದು ತರುತ್ತಿದ್ದರು. 1964ರ ಫಾದರ್ಸ್ ಡೇ ದಿನ ಒಬ್ಬ ಬ್ಯಾಟರ್‌ನನ್ನೂ ಬೇಸ್ ಮುಟ್ಟಲು ಬಿಡದೆ ಪರ್ಫೆಕ್ಟ್ ಗೇಮ್ ಎಸೆದವನು. ಮುಂದೆ ಕೆಂಟಕಿಯಿಂದ ಸೆನೆಟರ್, ಕಟ್ಟಾ ರಿಪಬ್ಲಿಕನ್. ಆದರೆ ಆಟಗಾರರ ಯೂನಿಯನ್ನಿಗೆ ಮಾರ್ವಿನ್ ಮಿಲ್ಲರ್ ಎಂಬ ಗಟ್ಟಿಗನನ್ನು ಹುಡುಕಿ ತಂದವರಲ್ಲಿ ಅವನೂ ಒಬ್ಬ. "ನಿಮ್ಮವನೇ ಕಣಯ್ಯಾ ನಮ್ಮ ಯೂನಿಯನ್ ಕಟ್ಟಿದ್ದು." ಸಾರ್ಜೆಂಟ್ ಎದ್ದು ಬಿಯರ್ ತರಲು ಹೋಗುತ್ತಿದ್ದರು. ಇಬ್ಬರಿಗೂ ತರುತ್ತಿದ್ದರು.

2016ರಲ್ಲಿ ಅಪ್ಪ ಬಂದಿದ್ದರು. ಸ್ಯಾನ್ ಹೊಸೆ ಯೂನಿವರ್ಸಿಟಿಗೆ ಕರೆದುಕೊಂಡು ಹೋದೆ. ಅಲ್ಲಿ 1968ರ ಒಲಿಂಪಿಕ್ಸ್‌ನ ಪದಕ ವೇದಿಕೆಯಲ್ಲಿ ವರ್ಣಭೇದ ವಿರೋಧಿಸಿ ಮುಷ್ಟಿ ಎತ್ತಿದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪ್ರತಿಮೆ ಇದೆ. ಇಬ್ಬರೂ ಅಲ್ಲೇ ಓದಿದವರು. ಅಂದು ಎರಡನೇ ಸ್ಥಾನದಲ್ಲಿ ನಿಂತಿದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ತನ್ನ ಪ್ರತಿಮೆ ಬೇಡ, ನೋಡಲು ಬಂದವರು ಅಲ್ಲಿ ನಿಲ್ಲಲಿ ಅಂದನಂತೆ. ಆ ಜಾಗ ಖಾಲಿ. ಅಪ್ಪ ಪಂಚೆ ಎತ್ತಿ ಕಟ್ಟಿ ಅಲ್ಲಿ ಹತ್ತಿ ನಿಂತರು. ಮುಷ್ಟಿ ಎತ್ತಿ ಅಂದೆ. "ಅವನು ಎತ್ತಿರಲಿಲ್ಲ ಅಂದೆಯಲ್ಲ" ಅಂತ ಸುಮ್ಮನೆ ನಿಂತರು.

ಮಾರನೇ ದಿನ ಕೊಲಿಸಿಯಂ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಜ್ಜನ ಪಕ್ಕ ಕೂತು ಕಡಲೆಕಾಯಿ ಸುಲಿದರು. ಎದುರಿಗೆ ದೊಡ್ಡ ಕಾಂಕ್ರೀಟ್ ಗೋಡೆಯಂಥ ಗ್ಯಾಲರಿ. ಮೊದಲು ಅಲ್ಲಿ ಓಕ್‌ಲ್ಯಾಂಡಿನ ಬೆಟ್ಟಗಳು ಕಾಣುತ್ತಿದ್ದವಂತೆ. 1995ರಲ್ಲಿ ರೈಡರ್ಸ್ ಫುಟ್‌ಬಾಲ್ ಟೀಮನ್ನು ವಾಪಸ್ ಕರೆಸಲು ಊರಿನವರ ಹೆಸರಲ್ಲಿ ಸಾಲ ಎತ್ತಿ ಕಟ್ಟಿದ್ದು. ಅಪ್ಪ ಎಲ್ಲ ಕೇಳಿಸಿಕೊಂಡು, "ಈ ಬೇಸ್‌ಬಾಲ್ ಟೀಮ್ ಯಾರದು?" ಅಂದರು. ಬಟ್ಟೆ ಅಂಗಡಿಗಳ ದೊಡ್ಡ ಮನೆತನದವರದು ಅಂದೆ.

"ವ್ಯಾಪಾರಸ್ಥರಾ? ಹಾಗಾದ್ರೆ ಬಾಡಿಗೆ ಕಮ್ಮಿ ಎಲ್ಲಿ ಸಿಗುತ್ತೋ ಅಲ್ಲಿಗೆ ಅಂಗಡಿ ಎತ್ತುತ್ತಾರೆ ಬಿಡು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸಾರ್ಜೆಂಟ್‌ಗೆ ಸಿಟ್ಟು ಬಂತು. ಅಜ್ಜ ಮಾತ್ರ ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

2019ರಲ್ಲಿ ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 2020ರಲ್ಲಿ ರೈಡರ್ಸ್ ಲಾಸ್ ವೇಗಸ್‌ಗೆ. ಅವರು ಹೋದರೂ ಆ ಗೋಡೆಯ ಸಾಲ ಊರಿನವರ ತಲೆ ಮೇಲೇ ಉಳಿಯಿತು. 2023ರಲ್ಲಿ ನಮ್ಮ ಸರದಿ. ನೆವಾಡಾ ರಾಜ್ಯ ವೇಗಸ್‌ನಲ್ಲಿ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರದ ದುಡ್ಡು ಕೊಡಲು ಒಪ್ಪಿತು. ಅದೇ ವಾರ, ಜೂನ್ 13ರಂದು, ಅಭಿಮಾನಿಗಳು ತಲೆಕೆಳಗಾದ ಬಹಿಷ್ಕಾರ ಮಾಡಿದರು. ಬರದೇ ಇರುವುದಲ್ಲ, ಬಂದು ತುಂಬುವುದು. ಜನ ಬರಲ್ಲ ಅಂತ ತಾನೇ ಹೋಗ್ತಿರೋದು, ಇಗೋ ಬಂದಿದ್ದೀವಿ ನೋಡಿ ಅಂತ. 27,759 ಜನ. ಆ ವರ್ಷ 112 ಆಟ ಸೋತ ಟೀಮಿಗೆ! ಟೀಮಿನ ಮಾಲೀಕರಿಗೆ 'ಮಾರಿಬಿಡಿ' ಎಂದು ಬರೆದ ಹಸಿರು ಟೀಶರ್ಟುಗಳನ್ನು ಹೊರಗೆ ಬಿಟ್ಟಿ ಹಂಚುತ್ತಿದ್ದರು.

ನಾನು ನೋಡುತ್ತೇನೆ, ಸಾರ್ಜೆಂಟ್ ಮೈಮೇಲೂ ಒಂದು. ಆಟದೊಳಗೆ ರಾಜಕೀಯ ತರಬಾರದು ಅನ್ನುತ್ತಿದ್ದವರು ನಿಂತು, ಕತ್ತಿನ ನರ ಉಬ್ಬಿಸಿ ಘೋಷಣೆ ಕೂಗುತ್ತಿದ್ದರು. ಅಜ್ಜ ಅದೇ ಹಳೇ ಧಾಟಿಯಲ್ಲಿ, "ಇದು ರಾಜಕೀಯ ಅಲ್ವೇನಯ್ಯಾ?" ಅಂದರು. ಈ ಸಲ ಸಾರ್ಜೆಂಟ್ ಬಳಿ ಜಾಣ ಉತ್ತರ ಇರಲಿಲ್ಲ. "ಹೌದು, ಆಗಲಿ" ಅಂದರು. ಆರು ವರ್ಷ ಒಬ್ಬ ಆಟಗಾರನ ಮಂಡಿಯ ಬಗ್ಗೆ ಜಗಳ ಆಡಿದ್ದೆವು. ಅಷ್ಟೂ ದಿನ ಅಪ್ಪ ಕೇಳಿದ ಪ್ರಶ್ನೆ ನಮ್ಮ ಕಾಲಡಿಯೇ, ಸಿಪ್ಪೆಗಳ ಜೊತೆ, ಬಿದ್ದಿತ್ತು. ಅಂದು ನಾವು 2-1ರಲ್ಲಿ ಗೆದ್ದೆವು. ಗೆದ್ದು ಏನೂ ಆಗಲಿಲ್ಲ.

ಅದೇ ವರ್ಷ ಪಿಚ್ ಕ್ಲಾಕ್ ಬಂತು. ಆ ವರ್ಷ ಬೇಸ್ ಖಾಲಿ ಇದ್ದರೆ ಹದಿನೈದು ಸೆಕೆಂಡು, ಯಾರಾದರೂ ಇದ್ದರೆ ಇಪ್ಪತ್ತು, ಅಷ್ಟರಲ್ಲಿ ಪಿಚರ್ ಎಸೆಯಬೇಕಿತ್ತು. ಆಟ ಬೇಗ ಮುಗಿಯುತ್ತೆ ಅಂತ ಎಲ್ಲರಿಗೂ ಖುಷಿ. "ಒಂದು ಸುಳ್ಳು ಪೂರ್ತಿ ಹೇಳೋಕೂ ಟೈಮ್ ಕೊಡಲ್ವಲ್ಲ ಇವ್ರು" ಅಂತ ಅಜ್ಜನಿಗೆ ದುಃಖ.

ಕೊನೆಯ ಆಟ 2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. 46,889 ಜನ. ಕಾಲಿಡಲು ಜಾಗವಿಲ್ಲ. ಮೊದಲ ಚೆಂಡು ಎಸೆಯಲು ರಿಕಿ ಹೆಂಡರ್‌ಸನ್ ಮತ್ತು ಡೇವ್ ಸ್ಟೂವರ್ಟ್ ಬಂದರು, ಇಬ್ಬರೂ ಓಕ್‌ಲ್ಯಾಂಡಿನಲ್ಲೇ ಬೆಳೆದವರು. ಪಿಚರ್ ಕಣ್ಣು ತಪ್ಪಿಸಿ ಓಡಿ 1,406 ಬೇಸ್ ಕದ್ದ ರಿಕಿ, ಬೇರೆ ಯಾರೂ ಹತ್ತಿರಕ್ಕೂ ಬಂದಿಲ್ಲ. ಮೂರು ತಿಂಗಳು ತುಂಬುವ ಮೊದಲೇ ಆತ ತೀರಿಕೊಂಡ. ರಾಷ್ಟ್ರಗೀತೆ ಹಾಡಿದ್ದು ಹಳೆಯ ಪಿಚರ್ ಬ್ಯಾರಿ ಜೀಟೋ. ಅಜ್ಜ ಎಂದಿನಂತೆ ಎದ್ದು ಹೋದರು. ನಮ್ಮದು ಬೆಂಚು, ನಂಬರ್ ಇಲ್ಲ. ಎದ್ದ ಕೂಡಲೇ ಇಬ್ಬರು ಹುಡುಗರು ನುಗ್ಗಿದರು. ಸಾರ್ಜೆಂಟ್ ನೆಟ್ಟಗೆ ನಿಂತಿದ್ದರು, ಬಲಗೈ ಎದೆಯ ಮೇಲೆ, ಕಣ್ಣು ಬಾವುಟದ ಮೇಲೆ. ಎಡಗೈಯಲ್ಲಿ ಹೆಗಲ ಮೇಲಿದ್ದ ಹಸಿರು ಟವೆಲ್ ಎಳೆದು ಅಜ್ಜನ ಜಾಗಕ್ಕೆ ಹಾಸಿದರು. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಥೇಟ್ ಹಾಗೆ.

ನಾವು 3-2ರಲ್ಲಿ ಗೆದ್ದೆವು. ಬಹಳ ಹೊತ್ತು ಯಾರೂ ಏಳಲಿಲ್ಲ.

ಈಗ ಟೀಮು ವೇಗಸ್ ಮೈದಾನ ಸಿದ್ಧವಾಗುವವರೆಗೆ ಸ್ಯಾಕ್ರಮೆಂಟೋ ಪಕ್ಕದ ಒಂದು ಚಿಕ್ಕ ಮೈದಾನದಲ್ಲಿ ಬಿಡಾರ ಹೂಡಿದೆ. ಹೆಸರಿನ ಹಿಂದಿದ್ದ ಊರಿನ ಹೆಸರೂ ಇಲ್ಲ. ಸಾರ್ಜೆಂಟ್ ಒಮ್ಮೆ ಹೋಗಿ ಬಂದರಂತೆ, ಕೇಳಿದರೆ ಬಿಸಿಲು ಜಾಸ್ತಿ ಅಂದರು. ಅಜ್ಜ ಹೋಗಿಲ್ಲ. ಬಸ್ಸಿನಾಕೆಯ ನಂಬರ್ ನನ್ನ ಬಳಿ ಇಲ್ಲ. ಯಾವತ್ತೂ ಬೇಕಾಗಿರಲಿಲ್ಲವಲ್ಲ.

ಕ್ರಿಕೆಟ್ ಸಂಜೆಗೆ ಬರುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋ ಯೂನಿಕಾರ್ನ್ಸ್ ಪರ ಫಿನ್ ಆಲನ್ 51 ಚೆಂಡಿನಲ್ಲಿ 151 ಹೊಡೆದ. ಹತ್ತೊಂಬತ್ತು ಸಿಕ್ಸರ್. ಟಿ20ಯಲ್ಲಿ ಒಂದೇ ಇನಿಂಗ್ಸಿಗೆ ಅಷ್ಟು ಸಿಕ್ಸರ್ ಅದುವರೆಗೆ ಯಾರೂ ಹೊಡೆದಿರಲಿಲ್ಲ. ಹುಡುಗರು ಕುಣಿದರು. ಓವರ್ ನಡುವಿನ ಬಿಡುವಿನಲ್ಲಿ ಹಿಂದಿನ ಸಾಲಿನ ಯಾರೋ ಚಿನ್ನಸ್ವಾಮಿ ಅಂದರು. ಒಂದೇ ಸಲಕ್ಕೆ ಗದ್ದಲ ತಗ್ಗಿತು. ಆಗಿನ್ನೂ ಎಂಟು ದಿನ. ಹದಿನೆಂಟನೇ ಸೀಸನ್ನಿಗೆ ಸಿಕ್ಕ ಕಪ್ಪು, ಮಾರನೇ ದಿನವೇ ಸ್ಟೇಡಿಯಂ ಬಾಗಿಲಲ್ಲಿ ಹನ್ನೊಂದು ಸಾವು. ತಪ್ಪು ಸರ್ಕಾರದ್ದು ಅಂತ ಒಬ್ಬ. ಟೀಮಿನವರದ್ದು ಅಂತ ಇನ್ನೊಬ್ಬ. ಪೊಲೀಸರು ಏನು ಮಾಡ್ತಾರೆ ಪಾಪ ಅಂತ ಮತ್ತೊಬ್ಬ. "ಮ್ಯಾಚ್ ನೋಡ್ರೋ, ಇಲ್ಲಿ ಯಾಕೆ ಪಾಲಿಟಿಕ್ಸು" ಅಂದ ನನ್ನ ಪಕ್ಕದ ಆರ್‌ಸಿಬಿ ಹುಡುಗ.

"ಮಾತಾಡ್ಲಿ ಬಿಡಪ್ಪ" ಅಂದೆ. ಹಿಂದಕ್ಕೆ ತಿರುಗಿ ಕೂತೆ. ನನಗೂ ಹೇಳುವುದಿತ್ತು.

ರೈಲಿನಲ್ಲಿ ವಾಪಸ್ ಬರುವಾಗ ಅಜ್ಜನಿಗೆ ಒಂದು ಫೋಟೋ ಕಳಿಸಿದೆ. ನಮ್ಮ ಬೆಂಚುಗಳ ಮುಂದೆ ಬಿಳಿ ಚೆಂಡು ಹೆಕ್ಕುತ್ತಿರುವ ಫೀಲ್ಡರ್. ಒಬ್ಬನೇ ಹತ್ತೊಂಬತ್ತು ಹೋಂ ರನ್ ಹೊಡೆದ ಅಂತಲೂ ಬರೆದೆ. ಉತ್ತರ ಬರಲು ಅರ್ಧ ಗಂಟೆ ಆಯಿತು, ಅಷ್ಟರಲ್ಲಿ ಫ್ರೀಮಾಂಟ್ ಬಂದಿತ್ತು.

"ಸೇತುವೆ ಮೇಲೆ ಕಡಲೆಕಾಯಿ ಮಾರ್ತಿದ್ರಾ?"